ತುರ್ತು: ‘ಡಿಸ್ಪರ್ಶನ್’, ‘ಡಿಸ್ಟ್ರಿಬ್ಯೂಷನ್’ ಎರಡಕ್ಕೂ ‘ಪ್ರಸರಣ’ವೇ?

ಧಾರವಾಡದಿಂದ:
ವಿಜ್ಞಾನ ದಿನದ ಫಲಕ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ವಿಷಯ, ಗಾಮಾ ಅಲ್ಯುಮಿನಾ (ಸೂಕ್ಷ್ಮ ರಂಧ್ರಗಳಿರುವ ಅಲ್ಯುಮಿನಿಯಂ ಆಕ್ಸೈಡ್) ಗುಂಡುಗಳ ಮೇಲೆ ಪ್ಲಾಟಿನಂ ನ್ಯಾನೋಕಣ ಕೂಡಿಸಿ ವೇಗವರ್ಧಕ ಮಾಡುವುದು. ಕರಡಿನಲ್ಲಿ ಎರಡು ಕಡೆ ‘ಪ್ರಸರಣ’ ಬಂದಿದೆ. ಒಂದು ಡಿಸ್ಪರ್ಶನ್, ಪ್ಲಾಟಿನಂ ಪರಮಾಣುಗಳಲ್ಲಿ ಎಷ್ಟು ಪಾಲು ಕಣದ ಹೊರಮೈಯಲ್ಲಿದೆ ಎಂಬ ಲೆಕ್ಕ: 1 ನ್ಯಾನೋಮೀಟರ್ ಕಣದಲ್ಲಿ ಹೆಚ್ಚುಕಡಿಮೆ ಎಲ್ಲವೂ, 5 ನ್ಯಾನೋಮೀಟರಿನದರಲ್ಲಿ ಐದರಲ್ಲೊಂದು ಪಾಲು. ಇನ್ನೊಂದು ಡಿಸ್ಟ್ರಿಬ್ಯೂಷನ್, ಗುಂಡಿನೊಳಗೆ ಕಣಗಳು ಎಲ್ಲಿ ಕೂತಿವೆ: ತೊಗಟೆಯಲ್ಲೋ, ನಡುವೋ, ಎಲ್ಲ ಕಡೆ ಸಮನಾಗಿಯೋ. ‘ಇಂಪ್ರೆಗ್ನೇಶನ್’ಗೂ, ಅಂದರೆ ಗುಂಡಿನ ರಂಧ್ರಗಳಿಗೆ ಪ್ಲಾಟಿನಂ ಲವಣದ ದ್ರಾವಣ ಹೀರಿಸುವುದಕ್ಕೂ, ಪದ ಬೇಕು.

ಗದಗದಿಂದ:
ಮೊದಲನೆಯದು ‘ಹರವು’. ಹಳಗನ್ನಡದ ಪರಪು, ಹರಹು ಆಗಿ, ಹರವು ಆಯಿತು. ಕಣದಾಗ ಜೋಳ ಹರವುತ್ತೇವಲ್ಲ, ರಾಶಿ ಬಿಡಿಸಿದಷ್ಟೂ ಬಿಸಿಲಿಗೆ ಸಿಗುವ ಕಾಳು ಹೆಚ್ಚು. ‘ಪ್ರಸರಣ’ ಆಕಾಶವಾಣಿಯದು, ಇಲ್ಲಿ ಸಲ್ಲದು.

ಹಾವೇರಿಯಿಂದ:
ತಪ್ಪು. ಕೆರೆಯ ಹರವು ಅಂದರೆ ಅದು ಚಾಚಿದ ಜಾಗ. ಹರವು ಎರಡನೆಯದಕ್ಕೆ ಇರಲಿ, ಮೊದಲನೆಯದು ‘ಚದರಿಕೆ’. ಇಂಪ್ರೆಗ್ನೇಶನ್ ‘ತೋಯಿಸುವುದು’. ‘ನೆನೆಹಾಕುವುದು’ ಬೇಡ, ನೆನೆಹಾಕಿದರೆ ಮೇಲೆ ನೀರು ಉಳಿಯುತ್ತದೆ. ಗ್ರಾಮಿಗೆ 0.5 ಮಿಲಿ ಹೀರುವ ಅಲ್ಯುಮಿನಾ 10 ಗ್ರಾಂ ಇದ್ದರೆ 5 ಮಿಲಿ ದ್ರಾವಣ, ಹನಿಹನಿಯಾಗಿ, ಕಲಸುತ್ತ. ಗುಂಡುಗಳು ಒಂದಕ್ಕೊಂದು ಅಂಟಿದರೆ ಹೆಚ್ಚಾಯಿತು. ಅವಸರದಲ್ಲಿ ಒಣಗಿಸಿದರೆ ರಂಧ್ರದ ದ್ರಾವಣ ಹೊರಮೈಗೆ ಎಳೆದು ಲವಣ ಅಂಚಿಗೆ ಕಟ್ಟುತ್ತದೆ: ಕೆಡುವುದು ಹರವು. ವಿಪರೀತ ಕಾಯಿಸಿದರೆ ಕಣಗಳು ಕೂಡಿ ದಪ್ಪಗಾಗುತ್ತವೆ: ಕೆಡುವುದು ಚದರಿಕೆ. ಎರಡು ತಪ್ಪಿಗೆ ಒಂದೇ ಹೆಸರಿಟ್ಟರೆ ತಿದ್ದುವುದು ಹೇಗೆ?

ಧಾರವಾಡದಿಂದ:
ಒಪ್ಪಿದೆ. ಆದರೆ ಪ್ಲಾಟಿನಂ ದ್ರಾವಣಕ್ಕೆ ಬಳಸುವ ಕ್ಲೋರೋಪ್ಲಾಟಿನಿಕ್ ಆಮ್ಲದಲ್ಲಿ ಹರವು ಒಣಗಿಸುವ ಮೊದಲೇ ನಿಶ್ಚಯವಾಗುತ್ತದೆ. ಆಮ್ಲೀಯ ದ್ರಾವಣದಲ್ಲಿ ಅಲ್ಯುಮಿನಾ ಮೈ ಧನಾವೇಶ ಪಡೆಯುತ್ತದೆ, ಪ್ಲಾಟಿನಂನ ಋಣ ಅಯಾನು ಒಳಗಿಳಿಯದೆ ತೊಗಟೆಗೇ ಅಂಟುತ್ತದೆ. ಸಿಟ್ರಿಕ್ ಆಮ್ಲ ಬೆರೆಸಿದರೆ ಅದು ಹೊರಗಿನ ಜಾಗ ಹಿಡಿದು ಪ್ಲಾಟಿನಂ ಅನ್ನು ಒಳಗೆ ದೂಡುತ್ತದೆ.

ಗದಗದಿಂದ:
ಹರವು ಉಳಿಯಿತು, ಸಾಕು. ‘ನ್ಯಾನೋಕಣ’ ಯಾಕ್ರಿ? ‘ಕಿರುಕಣ’ ಅನ್ನಿರಿ. ಕಂಡ ಕಂಡ ಗ್ರೀಕು ಪದಕ್ಕೆಲ್ಲ ಬಾಗಿಲು ತೆರೆದರೆ ಕನ್ನಡಕ್ಕೆ ಪ್ರತ್ಯಯವಷ್ಟೇ ಉಳಿದೀತು.

ಹಾವೇರಿಯಿಂದ:
ನ್ಯಾನೋ ಒಂದು ಅಳತೆ. ಮೈಕ್ರಾನ್ ಗಾತ್ರದ್ದೂ ಕಿರುಕಣವೇ. ಮೇಲಾಗಿ ನಿಮ್ಮ ಜೋಳದ ಕಣ ದ್ರಾವಿಡ, ಈ ಕಣ ಸಂಸ್ಕೃತ.

ಗದಗದಿಂದ:
ಹಾಗಾದರೆ ‘ಹುಡಿ’.

ಧಾರವಾಡದಿಂದ:
ಆಗದ್ರಿ. ಅಲ್ಯುಮಿನಾನೂ ಹುಡಿಯಾಗಿ ಸಿಗುತ್ತದೆ. ಯಾವುದು ಆಧಾರ, ಯಾವುದು ಲೋಹ ತಿಳಿಯುವುದಿಲ್ಲ.