ಹಾರ್ಟ್ ಜರ್ನಲ್ ಮೇಲೆ ಸೈಟೇಶನ್ ಪ್ರಾಜೆಕ್ಟ್: ಎಣಿಸಿ ಟೇಬಲ್ ಹಾಕೋದು ಬಿಟ್ಟು ಇನ್ನೆಂತ ನೋಡ್ಬೇಕು?

ಶಂಕರಘಟ್ಟದ_ಓದುಗ

ಎಲ್ರಿಗೂ ನಮಸ್ಕಾರ. ನಾನು ಕುವೆಂಪು ಯೂನಿವರ್ಸಿಟಿಲಿ ಲೈಬ್ರರಿ ಸೈನ್ಸ್ ಕೊನೇ ವರ್ಷ. ಪ್ರಾಜೆಕ್ಟ್‌ಗೆ ಇಂಡಿಯನ್ ಹಾರ್ಟ್ ಜರ್ನಲ್ ತಗೊಂಡಿದೀನಿ, 2014ರಿಂದ 2023ರ ತನಕ ಬಂದಿರೋ ಲೇಖನಗಳು. ಯಾವ ವರ್ಷ ಎಷ್ಟು ಬಂತು, ಯಾರು ಜಾಸ್ತಿ ಬರೆದ್ರು, ಯಾವುದಕ್ಕೆ ಜಾಸ್ತಿ ಸೈಟೇಶನ್ (ಬೇರೆ ಲೇಖನಗಳು ಅದನ್ನ ಉಲ್ಲೇಖಿಸೋದು) ಬಿತ್ತು ಅಂತ ಟೇಬಲ್ ಹಾಕಿ ಆಯ್ತು, ಆದ್ರೆ ಹಳೇ ಡಿಸರ್ಟೇಶನ್‌ಗಳನ್ನ ತೆಗೆದು ನೋಡಿದ್ರೆ ಎಲ್ಲದರಲ್ಲೂ ಇವೇ ಟೇಬಲ್‌ಗಳು, ಜರ್ನಲ್ ಹೆಸರು ಮಾತ್ರ ಬೇರೆ. ನಂಗೆ ಅಷ್ಟಕ್ಕೇ ನಿಲ್ಲಿಸೋಕೆ ಮನಸ್ಸಿಲ್ಲ.

ಎರಡು ವಿಷಯ ತಲೆಲಿ ಕೊರೀತಿದೆ. ಒಂದು, ಸರ್ಕ್ಯುಲೇಶನ್, ಯುರೋಪಿಯನ್ ಹಾರ್ಟ್ ಜರ್ನಲ್ ಈ ಹೊರದೇಶದ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ (ಲೇಖನಕ್ಕೆ ಸರಾಸರಿ ಎಷ್ಟು ಸೈಟೇಶನ್ ಅನ್ನೋ ಅಳತೆ) 35ರ ಮೇಲಿದೆ, ನಮ್ಮದು ಒಂದು ಎರಡರ ನಡುವೆ. ಅಂದ್ರೆ ನಮ್ಮ ಜರ್ನಲ್ ಅಷ್ಟು ಕಳಪೆನಾ? ಇನ್ನೊಂದು, ನಮ್ಮೂರು ಹೊಸನಗರದ ಕಡೆ, ಅಲ್ಲಿ ಎದೆನೋವು ಅಂದ್ರೆ ಗ್ಯಾಸ್ ಅಂತ ಮಾತ್ರೆ ನುಂಗಿ ಮಲಗೋರೇ ಜಾಸ್ತಿ, ಆಮೇಲೆ ಆ ಮಳೇಲಿ ಆ ರಸ್ತೇಲಿ ಶಿವಮೊಗ್ಗ ಮುಟ್ಟೋದ್ರೊಳಗೆ ಎಷ್ಟೋ ಹೊತ್ತು ಹೋಗಿರತ್ತೆ. ಈ ಸೈಟೇಶನ್ ನಂಬರ್‌ಗಳಿಗೂ ಅಂಥೋರ ಚಿಕಿತ್ಸೆಗೂ ಏನಾದ್ರೂ ಸಂಬಂಧ ಇದ್ಯಾ, ಇದ್ರೆ ಅದನ್ನ ಪ್ರಾಜೆಕ್ಟಲ್ಲಿ ಹೇಗೆ ತೋರ್ಸೋದು? ಮನೇಲಿ ಕೂತು ಫ್ರೀಯಾಗಿ ಡೇಟಾ ತೆಗೆಯೋ ದಾರಿನೂ ಗೊತ್ತಿದ್ರೆ ಹೇಳಿ.

ತುಂಗಾತೀರದ_ಲೈಬ್ರರಿ

ತುಂಬ ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಸರಿಯಾಗಿ ಕೈಗೆ ಸಿಗ್ಲಿ. 2023ರ ಇಂಪ್ಯಾಕ್ಟ್ ಫ್ಯಾಕ್ಟರ್ ಅಂದ್ರೆ, ಆ ಜರ್ನಲ್ 2021 ಮತ್ತು 2022ರಲ್ಲಿ ಛಾಪಿಸಿದ್ದಕ್ಕೆ 2023ರಲ್ಲಿ ಬಿದ್ದ ಸೈಟೇಶನ್‌ಗಳನ್ನ ಆ ಎರಡು ವರ್ಷದ ಸಂಶೋಧನಾ ಲೇಖನ ಮತ್ತು ರಿವ್ಯೂಗಳ ಸಂಖ್ಯೆಯಿಂದ ಭಾಗಿಸೋದು, ಅಷ್ಟೇ. ಯುಜೀನ್ ಗಾರ್ಫೀಲ್ಡ್ 1955ರಲ್ಲಿ ಸೈನ್ಸ್ ಪತ್ರಿಕೆಲಿ ಸೈಟೇಶನ್ ಇಂಡೆಕ್ಸ್ (ಯಾವ ಲೇಖನ ಯಾವುದನ್ನ ಸೈಟ್ ಮಾಡಿದೆ ಅನ್ನೋ ಪಟ್ಟಿ) ವಿಚಾರ ಮುಂದಿಟ್ಟಿದ್ದು, ಈ ನಂಬರ್ ಪ್ರಕಟಿಸೋ ಜರ್ನಲ್ ಸೈಟೇಶನ್ ರಿಪೋರ್ಟ್ಸ್ ಬರೋಕೆ ಶುರುವಾಗಿದ್ದು 1975ರಲ್ಲಿ. ಯಾವ ಜರ್ನಲ್‌ನ ಇಂಡೆಕ್ಸ್‌ಗೆ ಸೇರಿಸ್ಬೇಕು, ಲೈಬ್ರರಿ ಯಾವುದಕ್ಕೆ ದುಡ್ಡು ಹಾಕ್ಬೇಕು ಅಂತ ನೋಡೋಕೆ ಇದ್ದ ಅಳತೆ ಇದು. ಒಬ್ಬ ಡಾಕ್ಟರ್ ಬರೆದ ಒಂದು ಪೇಪರ್ ಒಳ್ಳೇದಾ ಕೆಟ್ಟದ್ದಾ ಅಂತ ಹೇಳೋಕೆ ಇದು ಹುಟ್ಟಿದ್ದೇ ಅಲ್ಲ.

ಈ ಲೆಕ್ಕದಲ್ಲಿ ಒಂದು ಸಂದು ಇದೆ ನೋಡಿ. ಸಂಪಾದಕೀಯ, ಓದುಗರ ಪತ್ರ ಇವು ಕೆಳಗಿನ ಸಂಖ್ಯೆಲಿ ಬರಲ್ಲ, ಆದ್ರೆ ಅವಕ್ಕೆ ಬಿದ್ದ ಸೈಟೇಶನ್ ಮೇಲಿನ ಸಂಖ್ಯೆಲಿ ಬರತ್ತೆ. ಜೊತೆಗೆ ಸೈಟೇಶನ್ ಯಾವತ್ತೂ ಎಲ್ರಿಗೂ ಸಮ ಹಂಚಿ ಬೀಳಲ್ಲ, ಕೆಲವೇ ಲೇಖನಗಳು ರಾಶಿ ಹೊಡ್ಕೊಂಡು ಹೋಗ್ತವೆ, ಉಳಿದವಕ್ಕೆ ಒಂದೋ ಎರಡೋ, ಎಷ್ಟೋ ಲೇಖನಕ್ಕೆ ಸೊನ್ನೆ. ಹಾಗಾಗಿ ಸರಾಸರಿ ಹೇಳಿದ್ರೆ ಏನೂ ಹೇಳಿದಂಗಾಗಲ್ಲ, ಮೀಡಿಯನ್ (ಸಾಲಾಗಿ ಜೋಡಿಸಿದಾಗ ಸರಿ ಮಧ್ಯದ ಸಂಖ್ಯೆ) ಕೊಡಿ, ಒಂದೂ ಸೈಟೇಶನ್ ಇಲ್ಲದ ಲೇಖನ ಶೇಕಡಾ ಎಷ್ಟು ಅಂತ ಕೊಡಿ.

ಹೃದ್ರೋಗದ ಜರ್ನಲ್‌ಗಳಲ್ಲಂತೂ ಇದು ಇನ್ನೂ ಜೋರು, ಯಾಕಂದ್ರೆ ದೊಡ್ಡ ಸೊಸೈಟಿಗಳ ಗೈಡ್‌ಲೈನ್‌ಗಳು ಅವವುಗಳ ಜರ್ನಲ್‌ಗಳಲ್ಲೇ ಬರ್ತವೆ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ನಿಂದು ಸರ್ಕ್ಯುಲೇಶನ್‌ನಲ್ಲಿ, ಯುರೋಪಿನ ಸೊಸೈಟಿದು ಯುರೋಪಿಯನ್ ಹಾರ್ಟ್ ಜರ್ನಲ್‌ನಲ್ಲಿ. ಬಿಪಿ ಬಗ್ಗೆ, ಹಾರ್ಟ್ ಫೇಲ್ಯೂರ್ ಬಗ್ಗೆ ಪ್ರಪಂಚದಲ್ಲಿ ಯಾರೇ ಪೇಪರ್ ಬರೆದ್ರೂ ಮೊದಲ ಪ್ಯಾರಾದಲ್ಲೇ ಆ ಗೈಡ್‌ಲೈನ್ ಸೈಟ್ ಮಾಡ್ತಾರೆ. ಇನ್ನೊಂದು ಮಜಾ ವಿಷಯ, ಹಾರ್ಟ್ ಅಟ್ಯಾಕ್ ಅಂದ್ರೇನು ಅಂತ 2018ರಲ್ಲಿ ಬಂದ ನಾಲ್ಕನೇ ಸಾರ್ವತ್ರಿಕ ವ್ಯಾಖ್ಯೆ ಇದೆಯಲ್ಲ, ಅದೊಂದೇ ಬರಹ ಸರ್ಕ್ಯುಲೇಶನ್‌ನಲ್ಲೂ ಬಂತು, ಯುರೋಪಿಯನ್ ಹಾರ್ಟ್ ಜರ್ನಲ್‌ನಲ್ಲೂ ಬಂತು, ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ ಜರ್ನಲ್‌ನಲ್ಲೂ ಬಂತು. ಒಂದೇ ಬರಹ, ಲೆಕ್ಕ ಮಾತ್ರ ಮೂರು ಖಾತೆಗೆ. ಇಂಥ ಆಸ್ತಿ ಇರೋ ಜರ್ನಲ್ ಜೊತೆ ನಮ್ಮದನ್ನ ನಿಲ್ಲಿಸಿ ಕಳಪೆ ಅನ್ನೋದು ನ್ಯಾಯ ಅಲ್ಲ. ಇಂಡಿಯನ್ ಹಾರ್ಟ್ ಜರ್ನಲ್ 1949ರಿಂದ ಬರ್ತಿದೆ, ಸರ್ಕ್ಯುಲೇಶನ್ ಶುರುವಾಗಿದ್ದೇ 1950ರಲ್ಲಿ, ಅಂದ್ರೆ ವಯಸ್ಸಲ್ಲಿ ನಮ್ಮದೇ ಹಿರಿದು.

ನಿಮ್ಮ ಟಾಪ್ ಸೈಟೇಶನ್ ಟೇಬಲ್ ಬಗ್ಗೆ ಒಂದು ಮಾತು. 2014ರ ಲೇಖನಕ್ಕೆ ಸೈಟೇಶನ್ ಕೂಡಿ ಬರೋಕೆ ಹತ್ತು ವರ್ಷ ಸಿಕ್ಕಿದೆ, 2023ರದ್ದಕ್ಕೆ ಎಂತ ಸಿಕ್ಕಿದೆ? ಎರಡನ್ನೂ ಒಂದೇ ಪಟ್ಟಿಲಿ ಹಾಕಿದ್ರೆ ಹಳೇದು ಗೆಲ್ಲಲೇಬೇಕು. ಪ್ರತಿ ಲೇಖನಕ್ಕೂ ಬಂದ ವರ್ಷ ಬಿಟ್ಟು ಮುಂದಿನ ಎರಡು ವರ್ಷದಲ್ಲಿ ಬಿದ್ದದ್ದು ಮಾತ್ರ ಎಣಿಸಿ, ಆಗ ಟ್ರೆಂಡ್ ಅನ್ನೋ ಮಾತಿಗೆ ಅರ್ಥ ಬರತ್ತೆ. ಕೋವಿಡ್ ವರ್ಷಗಳನ್ನ ಮಾತ್ರ ಬೇರೆ ಇಟ್ಟು ನೋಡಿ, 2020, 21ರಲ್ಲಿ ಕೋವಿಡ್ ಪೇಪರ್‌ಗಳಿಂದ ಎಷ್ಟೋ ಮೆಡಿಕಲ್ ಜರ್ನಲ್‌ಗಳ ನಂಬರ್ ಉಬ್ಬಿ ಆಮೇಲೆ ಇಳಿದಿದೆ, ಅದನ್ನ ನೋಡಿ ಗುಣಮಟ್ಟ ಏರಿತು ಇಳೀತು ಅಂತ ಬರೆದುಬಿಡ್ಬೇಡಿ.

ಗೈಡ್ ಕೇಳಿದ್ರೆ ಇರ್ಲಿ ಅಂತ ಒಂದು ವಿಷಯ: ನೀವು ಮಾಡ್ತಿರೋ ಥರ ಪ್ರಕಟಣೆಗಳನ್ನ ಎಣಿಸಿ ಅಳೆಯೋದಕ್ಕೆ ಬಿಬ್ಲಿಯೋಮೆಟ್ರಿಕ್ಸ್ ಅನ್ನೋ ಹೆಸರು ಪ್ರಿಚರ್ಡ್ ಕೊಟ್ಟಿದ್ದು 1969ರಲ್ಲಿ, ಅದಕ್ಕೂ ಮುಂಚೆ 1948ರಲ್ಲೇ ನಮ್ಮ ಎಸ್.ಆರ್. ರಂಗನಾಥನ್ ಲೈಬ್ರಮೆಟ್ರಿ ಅಂತ ಹೇಳಿದ್ರು. ಅವ್ರು 1962ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ ಲೈಬ್ರರಿ ಸೈನ್ಸ್ ಕೇಂದ್ರ ಡಿಆರ್‌ಟಿಸಿ ಇವತ್ತಿಗೂ ನಡೀತಿದೆ.

ಘಟ್ಟದಮೇಲಿನ_ಡಾಕ್ಟರ್

ಲೈಬ್ರರಿಯವರು ಲೆಕ್ಕದ ಭಾಗ ಚೆನ್ನಾಗಿ ಹೇಳಿದಾರೆ, ನಾನು ಎರಡನೇ ಪ್ರಶ್ನೆ ಹಿಡೀತೀನಿ. ಮಲೆನಾಡಿನ ತಾಲ್ಲೂಕು ಆಸ್ಪತ್ರೇಲಿ ಕೆಲಸ ಮಾಡೋನು ನಾನು, ಇದು ನಂಗೆ ದಿನಾ ಎದುರಾಗೋ ವಿಷಯ.

ಭಾರತದ ಹಾರ್ಟ್ ಅಟ್ಯಾಕ್ ಬಗ್ಗೆ ನಾವು ಅತಿ ಹೆಚ್ಚು ನೆನೆಸ್ಕೊಳ್ಳೋ ಸ್ಟಡಿ ಅಂದ್ರೆ ಕ್ರಿಯೇಟ್ ರಿಜಿಸ್ಟ್ರಿ (ಆಸ್ಪತ್ರೆಗೆ ಬಂದ ರೋಗಿಗಳ ದಾಖಲೆ ಒಟ್ಟು ಮಾಡಿದ್ದು). 2008ರಲ್ಲಿ ಬಂತು, 50 ಊರುಗಳ 89 ಆಸ್ಪತ್ರೆ, 20,000ಕ್ಕೂ ಮೇಲೆ ರೋಗಿಗಳು, ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಮುಂದೆ ನಿಂತು ಮಾಡಿದ್ದು. ನೋವು ಶುರುವಾಗಿ ಆಸ್ಪತ್ರೆ ಮುಟ್ಟೋಕೆ ಮೀಡಿಯನ್ 360 ನಿಮಿಷ, ಆರು ಗಂಟೆ! ರಕ್ತನಾಳ ಪೂರ್ತಿ ಕಟ್ಟೋ ಸ್ಟೆಮಿ ಥರದ್ದು ಶೇಕಡಾ 60. ಬಡವರಲ್ಲಿ 30 ದಿನದೊಳಗಿನ ಸಾವು ಶೇಕಡಾ 8.2, ಶ್ರೀಮಂತರಲ್ಲಿ 5.5, ಮತ್ತೆ ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನ ಲೆಕ್ಕಕ್ಕೆ ತಗೊಂಡಾಗ ಆ ಅಂತರವೇ ಹೋಗಿಬಿಡ್ತು. ಇದನ್ನ ಓದಿದಾಗೆಲ್ಲ ನಂಗೆ ಹೊಟ್ಟೆ ಉರಿಯತ್ತೆ, ಅವ್ರು ಸತ್ತಿದ್ದು ಕಾಯಿಲೆ ಬೇರೆ ಥರದ್ದು ಅಂತಲ್ಲ, ಔಷಧ ಸಿಗಲಿಲ್ಲ ಅಂತ.

ಈಗ ನಿಮ್ಮ ಪ್ರಾಜೆಕ್ಟ್‌ಗೆ ಬನ್ನಿ. ಆ ಪೇಪರ್ ಬಂದಿದ್ದು ಲಂಡನ್ನಿನ ಲ್ಯಾನ್ಸೆಟ್ ಜರ್ನಲ್‌ನಲ್ಲಿ. 52 ದೇಶದ ಇಂಟರ್‌ಹಾರ್ಟ್ ಅನ್ನೋ ಹಾರ್ಟ್ ಅಟ್ಯಾಕ್ ಸ್ಟಡಿ 2004ರಲ್ಲಿ ಬಂದಿದ್ದೂ ಅಲ್ಲೇ, ಅದರಿಂದ ದಕ್ಷಿಣ ಏಷ್ಯಾದವರ ಲೆಕ್ಕ ತೆಗೆದು ನಮ್ಮವರಿಗೆ ಮೊದಲ ಅಟ್ಯಾಕ್ ಸರಾಸರಿ 53ನೇ ವಯಸ್ಸಿಗೆ, ಬೇರೆಯವರಿಗೆ ಸುಮಾರು 59ಕ್ಕೆ ಅಂತ ತೋರಿಸಿದ ಪೇಪರ್ 2007ರಲ್ಲಿ ಶಿಕಾಗೋದ ಜಾಮಾ ಜರ್ನಲ್‌ನಲ್ಲಿ. ಒಂದೇ ಗುಳಿಗೇಲಿ ಐದು ಔಷಧ ಹಾಕಿ ಭಾರತದ 50 ಕೇಂದ್ರದಲ್ಲಿ ಮಾಡಿದ ಟಿಪ್ಸ್ ಟ್ರಯಲ್ 2009, ಅದೂ ಲ್ಯಾನ್ಸೆಟ್. ರೋಗಿಗಳು ನಮ್ಮವರು, ಸೈಟೇಶನ್ ಮಾತ್ರ ಲಂಡನ್ನು ಶಿಕಾಗೋದ ಖಾತೆಗೆ. ದೊಡ್ಡ ಕೆಲಸ ಹೊರಗೆ ಹೋದ್ರೆ ಇಲ್ಲಿನ ಜರ್ನಲ್ ನಂಬರ್ ಏರೋದಾದ್ರೂ ಹೇಗೆ, ನಂಬರ್ ಏರದಿದ್ರೆ ದೊಡ್ಡ ಕೆಲಸ ಇಲ್ಲಿಗೆ ಯಾಕೆ ಬರತ್ತೆ.

ಆದ್ರೂ ಇಂಡಿಯನ್ ಹಾರ್ಟ್ ಜರ್ನಲ್ ನಂಗೆ ಬೇಕು. ರುಮ್ಯಾಟಿಕ್ ಹಾರ್ಟ್ ಕಾಯಿಲೆ (ಗಂಟಲು ಸೋಂಕಿನ ನಂತರದ ಜ್ವರದಿಂದ ಹೃದಯದ ವಾಲ್ವ್ ಹಾಳಾಗೋದು) ಇರೋ ಹುಡುಗೀರು ಇವತ್ತಿಗೂ ಬರ್ತಾರೆ, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಪ್ಪಬಾರ್ದು ಅಂತ ಅವರಮ್ಮಂದಿರಿಗೆ ಎಷ್ಟು ಹೇಳಿದ್ರೂ ಸಾಲಲ್ಲ. ಶ್ರೀಮಂತ ದೇಶಗಳಲ್ಲಿ ಆ ಕಾಯಿಲೆ ಹೆಚ್ಚೂಕಮ್ಮಿ ಹೋಗೇಬಿಟ್ಟಿದೆ, ಅದರ ಮೇಲೆ ಅಲ್ಲಿ ಬರೆಯೋರೂ ಕಮ್ಮಿ, ಸೈಟ್ ಮಾಡೋರೂ ಕಮ್ಮಿ. ನಮಗೆ ಬೇಕಾದ ಲೇಖನಕ್ಕೆ ಸೈಟೇಶನ್ ಕಮ್ಮಿ ಬೀಳೋದು ಈ ಕಾರಣಕ್ಕೇ. ನಾನು ಓದಿ ಮಾರನೇ ದಿನ ಚಿಕಿತ್ಸೆ ಬದಲಾಯಿಸಿದ್ರೂ ಅದು ಯಾವ ಡೇಟಾಬೇಸಲ್ಲೂ ದಾಖಲಾಗಲ್ಲ, ಯಾಕಂದ್ರೆ ನಾನು ಪೇಪರ್ ಬರೆಯೋನಲ್ಲ.

ಪ್ರತಿ ಲೇಖನದ ಮುಂದೆ ಒಂದು ಕಾಲಂ ಹಾಕಿ: ಯಾವ ಕಾಯಿಲೆ, ಯಾವ ಥರದ ಆಸ್ಪತ್ರೆ, ರೋಗಿಗಳು ಎಲ್ಲಿಯವರು. ಸ್ಟೆಂಟು, ವಾಲ್ವು, ಇಮೇಜಿಂಗ್ ಎಷ್ಟು, ರುಮ್ಯಾಟಿಕ್ ಎಷ್ಟು, ಆಸ್ಪತ್ರೆಗೆ ತಡವಾಗಿ ಬರೋದರ ಮೇಲೆ ಎಷ್ಟು, ಜಿಲ್ಲಾ ಆಸ್ಪತ್ರೆಯಿಂದ ಬಂದದ್ದು ಎಷ್ಟು. ಪುನೀತ್ ಹೋದ್ಮೇಲೆ ಸರ್ಕಾರ ಅವರ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ತಂದು ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು ದೊಡ್ಡ ಕೇಂದ್ರಕ್ಕೆ ಕಳಿಸಿ, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡೋ ವ್ಯವಸ್ಥೆ ಮಾಡಿದೆ. ಇಂಥ ಕೆಲಸದ ಬಗ್ಗೆ ಜರ್ನಲ್‌ಗಳಲ್ಲಿ ಎಷ್ಟು ಜಾಗ ಸಿಗತ್ತೆ ಅಂತ ಯಾರಾದ್ರೂ ಎಣಿಸಿದ್ರೆ ನಾನಂತೂ ಕೂತು ಓದ್ತೀನಿ.

ಡೇಟಾ_ಸಾಗರ

ಟೂಲ್ ವಿಷಯ ನಾನು ಹೇಳ್ತೀನಿ. ಮನೇಲಿ ಕೂತು ತೆಗೆಯೋಕೆ ಓಪನ್‌ಅಲೆಕ್ಸ್ ಅನ್ನೋ ಆನ್‌ಲೈನ್ ಡೇಟಾಬೇಸ್ ಸಾಕು, 2022ರಿಂದ ಇದೆ, ಡೇಟಾ ಫ್ರೀ, ಯಾರು ಯಾರನ್ನ ಸೈಟ್ ಮಾಡಿದಾರೆ ಅಂತಾನೂ ಕೊಡತ್ತೆ. ದುಡ್ಡು ಕೊಟ್ಟು ಬಳಸೋ ಸ್ಕೋಪಸ್ ಡೇಟಾಬೇಸ್ ಕ್ಯಾಂಪಸ್‌ನಲ್ಲಿ ಸಿಕ್ಕಿದ್ರೆ ಅಲ್ಲಿಂದಲೂ ಒಂದು ಫೈಲ್ ಇಳಿಸ್ಕೊಂಡು ಎರಡನ್ನೂ ತಾಳೆ ನೋಡಿ, ನಂಬರ್ ಒಂದೇ ಬರಲ್ಲ, ಬರೋದೂ ಬೇಡ, ಯಾವುದರಿಂದ ಯಾವ ದಿನ ತೆಗೆದಿದ್ದು ಅಂತ ಬರೆದಿಟ್ರೆ ಆಯ್ತು. ಲೇಖಕರು, ವಿಷಯಗಳ ನಡುವಿನ ಸಂಬಂಧದ ಮ್ಯಾಪ್‌ಗೆ ಲೈಡನ್ ಯೂನಿವರ್ಸಿಟಿಯವರ ವಿಒಎಸ್‌ವ್ಯೂವರ್, ಮಿಕ್ಕಿದ್ದಕ್ಕೆ ಆರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಬಿಬ್ಲಿಯೋಶೈನಿ, ಕೋಡಿಂಗ್ ಬರದಿದ್ರೂ ನಡೆಯತ್ತೆ. ಹೊಸನಗರದ ನೆಟ್‌ವರ್ಕ್ ನಂಬ್ಕೋಬೇಡಿ, ಡೇಟಾನೆಲ್ಲ ಕ್ಯಾಂಪಸ್‌ನಲ್ಲೇ ಇಳಿಸ್ಕೊಂಡು ಹೋಗಿ.

ನಿಜವಾದ ಕೆಲಸ ಇರೋದು ಕ್ಲೀನಿಂಗಲ್ಲಿ. 2014ರ ನವೆಂಬರ್ 1ಕ್ಕೆ ಶಿವಮೊಗ್ಗ, ಬೆಂಗಳೂರು, ಮೈಸೂರು ಎಲ್ಲದರ ಇಂಗ್ಲಿಷ್ ಸ್ಪೆಲಿಂಗ್ ಬದಲಾಯ್ತಲ್ಲ, ನಿಮ್ಮ ಡೇಟಾ ಶುರುವಾಗೋದೂ ಅದೇ ವರ್ಷ, ಹಂಗಾಗಿ ಒಂದೇ ಊರು ಎರಡು ಊರಾಗಿ ಕೂತಿರತ್ತೆ ಮತ್ತೆ ಕೆಲವರು ಇವತ್ತಿಗೂ ಹಳೇ ಸ್ಪೆಲಿಂಗೇ ಹಾಕ್ತಾರೆ. ಲೇಖಕರ ಹೆಸರೂ ಹಾಗೇ, ನಮ್ಮ ಕಡೆಯವರ ಇನಿಶಿಯಲ್ ಒಂದ್ಸಲ ಮುಂದೆ ಒಂದ್ಸಲ ಹಿಂದೆ, ಎಷ್ಟೋ ಜನ ಕುಮಾರ್‌ಗಳು ಗುಪ್ತಾಗಳು ಸೇರಿ ಒಬ್ಬರೇ ಆಗಿಬಿಡ್ತಾರೆ, ಆ ಒಬ್ಬರೇ ಟಾಪ್ ಲೇಖಕ ಅಂತ ಟೇಬಲ್‌ನಲ್ಲಿ ಬರ್ತಾರೆ. ಕೀವರ್ಡ್‌ನಲ್ಲಿ ಹಾರ್ಟ್ ಅಟ್ಯಾಕ್, ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್, ಸ್ಟೆಮಿ, ಎಸಿಎಸ್ (ಹೃದಯಕ್ಕೆ ರಕ್ತ ದಿಢೀರ್ ಕಮ್ಮಿಯಾಗೋ ತೊಂದರೆಗಳಿಗೆಲ್ಲ ಸೇರಿ ಇರೋ ಹೆಸರು) ಯಾವುದನ್ನ ಒಂದು ಮಾಡ್ಬೇಕು ಯಾವುದನ್ನ ಬೇರೆ ಇಡ್ಬೇಕು ಅನ್ನೋದನ್ನ ಡಾಕ್ಟರ್ ಹತ್ರ ಕೂತು ಮಾಡಿ, ಸಾಫ್ಟ್‌ವೇರ್‌ಗೆ ಬಿಡ್ಬೇಡಿ.

ಕೊಪ್ಪದ_ಕಾಫಿ

ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಸಂಶೋಧಕರನ್ನ ಅಳೀಬೇಡಿ ಅಂತ 2012ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಮಾಡಿ ಆಯ್ತಲ್ಲ ಮಾರಾಯ್ರೆ, ಇನ್ನೂ ಯಾಕೆ ಅದರ ಮೇಲೆ ಪ್ರಾಜೆಕ್ಟು? ಬಿಟ್ಟು ಬೇರೆ ವಿಷಯ ತಗೋಬಹುದಿತ್ತು.

ತುಂಗಾತೀರದ_ಲೈಬ್ರರಿ

ಘೋಷಣೆ ಆಗಿದ್ದು ನಿಜ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆನೂ ಇದೆ. ಆದ್ರೆ ಮೆಡಿಕಲ್ ಕಾಲೇಜಲ್ಲಿ ಪ್ರಮೋಷನ್‌ಗೆ ಇವತ್ತಿಗೂ ಇಂಡೆಕ್ಸ್ ಆದ ಜರ್ನಲ್‌ನ ಪೇಪರ್ ಬೇಕು, ಹುಡುಗರು ಎಲ್ಲಿಗೆ ಕಳಿಸ್ಲಿ ಅಂತ ಕೇಳ್ಕೊಂಡು ನಮ್ಮ ಕೌಂಟರ್‌ಗೇ ಬರ್ತಾರೆ. ಜನ ಬಳಸೋ ಅಳತೆ ಎಲ್ಲಿ ಸುಳ್ಳಾಡತ್ತೆ ಅಂತ ತೋರಿಸೋ ಪ್ರಾಜೆಕ್ಟ್ ಬೇಕೇ ಬೇಕು, ಇವರು ಬಿಡೋದು ಬೇಡ.

ಡಾಕ್ಟರ್ ಬರೆದದ್ದು ಓದಿದ ಮೇಲೆ ಇನ್ನೊಂದು ಹೊಳೀತು. ಜರ್ನಲ್‌ಗೆ ಎಷ್ಟು ಸೈಟೇಶನ್ ಬಿತ್ತು ಅಂತ ಎಲ್ರೂ ನೋಡ್ತಾರೆ, ಅದು ಯಾರನ್ನ ಸೈಟ್ ಮಾಡತ್ತೆ ಅಂತ ನೋಡೋರು ಕಮ್ಮಿ. ಇಂಡಿಯನ್ ಹಾರ್ಟ್ ಜರ್ನಲ್ ಲೇಖನಗಳ ಕೊನೇಲಿರೋ ರೆಫರೆನ್ಸ್ ತಗೊಳ್ಳಿ, ಅದರಲ್ಲಿ ಭಾರತದ ರೋಗಿಗಳ ಮೇಲೆ ಮಾಡಿದ್ದು ಎಷ್ಟು, ಅಮೆರಿಕ ಯುರೋಪಿಂದು ಎಷ್ಟು, ನಮ್ಮವರು ನಮ್ಮವರನ್ನೇ ಓದ್ತಿದಾರಾ? ಹಾಗೇ ಸೈಟ್ ಮಾಡೋರು ಯಾವ ದೇಶದವರು ಅಂತ ನೋಡಿ. ಬಾಂಗ್ಲಾದೇಶ, ನೇಪಾಳ, ಈಜಿಪ್ಟಿನವರು ಜಾಸ್ತಿ ಇದ್ರೆ ಅದೇ ದೊಡ್ಡ ವಿಷಯ, ನಮ್ಮಂಥದೇ ಆಸ್ಪತ್ರೆಗಳಲ್ಲಿ ಆ ಲೇಖನ ಉಪಯೋಗಕ್ಕೆ ಬರ್ತಿದೆ ಅಂತ.

ಘಟ್ಟದಮೇಲಿನ_ಡಾಕ್ಟರ್

ರೆಫರೆನ್ಸ್ ನೋಡುವಾಗ ವಾಪಸ್ ತಗೊಂಡ ಪೇಪರ್‌ಗಳ ಮೇಲೂ ಕಣ್ಣಿಡಿ. 2020ರ ಮೇನಲ್ಲಿ ಕೋವಿಡ್ ಮತ್ತು ಹೃದಯದ ಔಷಧಗಳ ಬಗ್ಗೆ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂದ ಪೇಪರ್, ಸರ್ಜಿಸ್ಫಿಯರ್ ಕಂಪನಿಯ ಡೇಟಾ ಪರೀಕ್ಷೆಗೆ ಸಿಗಲಿಲ್ಲ ಅಂತ ಜೂನ್‌ನಲ್ಲೇ ವಾಪಸ್ ಆಯ್ತು. ಆಮೇಲೂ ಜನ ಅದನ್ನ ಸೈಟ್ ಮಾಡ್ತಾನೇ ಇದ್ರು.

ಶಂಕರಘಟ್ಟದ_ಓದುಗ

ಎಲ್ರಿಗೂ ತುಂಬ ಥ್ಯಾಂಕ್ಸ್. ಟಾಪ್ ಹತ್ತು ಲೇಖಕರ ಟೇಬಲ್ ತೆಗೆದು ಹಾಕ್ತೀನಿ, ಅದರ ಬದ್ಲು ಎರಡು ವರ್ಷದ ಕಿಟಕಿ, ಮೀಡಿಯನ್, ಕಾಯಿಲೆ ಮತ್ತು ಆಸ್ಪತ್ರೆ ಕಾಲಂ. ರೆಫರೆನ್ಸ್ ಪೂರ್ತಿ ಹತ್ತು ವರ್ಷದ್ದು ಒಬ್ಬಳ ಕೈಲಿ ಆಗಲ್ಲ, ಪ್ರತಿ ವರ್ಷದಿಂದ ಒಂದು ಸಂಚಿಕೆ ತಗೊಂಡ್ರೆ ಗೈಡ್ ಒಪ್ತಾರಾ?

ತುಂಗಾತೀರದ_ಲೈಬ್ರರಿ

ಒಪ್ತಾರೆ, ಆದ್ರೆ ಯಾವ ಸಂಚಿಕೆ ಅಂತ ನೀವು ಆರಿಸ್ಬೇಡಿ, ಚೀಟಿ ಎತ್ತಿ ಅಥವಾ ಕಂಪ್ಯೂಟರ್‌ನಿಂದ ರ‍್ಯಾಂಡಮ್ ತೆಗೀರಿ, ಹೇಗೆ ತೆಗೆದ್ರಿ ಅಂತ ಮೆಥಡ್‌ನಲ್ಲಿ ಬರೀರಿ. ಕಾನ್ಫರೆನ್ಸ್ ಸಾರಾಂಶಗಳ ಸಪ್ಲಿಮೆಂಟ್ ಸಂಚಿಕೆಗಳನ್ನ ಮೊದಲೇ ಪಟ್ಟಿಯಿಂದ ಹೊರಗಿಡಿ, ಅವುಗಳಲ್ಲಿ ರೆಫರೆನ್ಸ್ ಇರೋದೇ ಕಮ್ಮಿ.