‘ಸಿಂಕ್’ ಎಂಬುದಕ್ಕೆ ‘ತಾಳೆ ಮಾಡು’ ಸಲ್ಲುತ್ತದೆಯೇ? ಕಂಟೇನರ್ ಇಮೇಜುಗಳ ಕೈಪಿಡಿಗಾಗಿ ಒಂದು ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ನಮ್ಮ ಸಣ್ಣ ತಂಡವು ಸರ್ವರ್‌ಗಳನ್ನು ನೋಡಿಕೊಳ್ಳಲು ಹೊಸದಾಗಿ ಸೇರುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಸಿದ್ಧಪಡಿಸುತ್ತಿದೆ. ಹೊರಗಿನ ರಿಜಿಸ್ಟ್ರಿಯಲ್ಲಿರುವ (ಇಮೇಜುಗಳನ್ನು ಕೂಡಿಡುವ ಉಗ್ರಾಣದಲ್ಲಿರುವ) ಕಂಟೇನರ್ ಇಮೇಜುಗಳನ್ನು, ಅಂದರೆ ಓಡಲು ಬೇಕಾದ ಎಲ್ಲದರೊಡನೆ ಕಟ್ಟಿಟ್ಟ ತಂತ್ರಾಂಶದ ಪೊಟ್ಟಣಗಳನ್ನು, ನಮ್ಮ ರಿಜಿಸ್ಟ್ರಿಗೆ ತಂದಿಡುವ ಸ್ಕ್ರಿಪ್ಟನ್ನು ವಿವರಿಸುವ ಅಧ್ಯಾಯದಲ್ಲಿ ‘ಸಿಂಕ್’ ಎಂಬ ಕ್ರಿಯೆಗೆ ಯಾವ ಪದವನ್ನು ಬಳಸಬೇಕೆಂಬುದು ನನ್ನ ಪ್ರಶ್ನೆ. ಇಮೇಜ್, ಟ್ಯಾಗ್ (ಇಮೇಜಿಗೆ ಅಂಟಿಸುವ ಹೆಸರುಚೀಟಿ), ರಿಜಿಸ್ಟ್ರಿ ಎಂಬವುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ‘ನೋಂದಣಿ’ ಎಂದು ಬರೆದರೆ ಓದುವವರಿಗೆ ಆಸ್ತಿಪತ್ರದ ಕಚೇರಿಯೇ ನೆನಪಾಗುತ್ತದೆ.

ಪದವನ್ನು ತೂಗಿ ನೋಡಲು ಕೆಲಸದ ಸ್ವರೂಪ ತಿಳಿದಿರಬೇಕು. ಲಾಗಿನ್ ಆಗದೆ ಇಮೇಜುಗಳನ್ನು ಇಳಿಸಿಕೊಳ್ಳುವವರಿಗೆ ಆರು ಗಂಟೆಗಳ ಅವಧಿಯಲ್ಲಿ 100 ಬಾರಿ ಎಂಬ ಮಿತಿಯನ್ನು ಡಾಕರ್ ಹಬ್ ಎಂಬ ಸಾರ್ವಜನಿಕ ರಿಜಿಸ್ಟ್ರಿಯು 2020ರ ನವೆಂಬರಿನಲ್ಲಿ ಜಾರಿಗೆ ತಂದಿತು. ಒಂದೇ ಐಪಿ ವಿಳಾಸದ ಹಿಂದಿರುವ ಇಡೀ ಕಚೇರಿಗೆ ಲೆಕ್ಕ ಒಂದೇ ಆಗುವುದರಿಂದ, ಬೇಕಾದ ಇಮೇಜುಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಅಗತ್ಯ ಹಲವರಿಗೆ ಬಂತು. ನಮ್ಮ ಸ್ಕ್ರಿಪ್ಟು ಪಟ್ಟಿಯಲ್ಲಿರುವ ಪ್ರತಿಯೊಂದು ಟ್ಯಾಗಿಗೂ ಎರಡೂ ರಿಜಿಸ್ಟ್ರಿಗಳಿಂದ ಡೈಜೆಸ್ಟನ್ನು, ಅಂದರೆ ಇಮೇಜಿನ ಒಳವಿವರದಿಂದಲೇ ಹುಟ್ಟುವ ಎಸ್‌ಎಚ್‌ಎ256 ಗುರುತನ್ನು, ಕೇಳಿ ಪಡೆಯುತ್ತದೆ. ‘ಲೇಟೆಸ್ಟ್’ ಎಂಬ ಟ್ಯಾಗು ಇಂದು ಒಂದು ಇಮೇಜಿಗೂ ನಾಳೆ ಇನ್ನೊಂದಕ್ಕೂ ಅಂಟಿರಬಹುದಾದ್ದರಿಂದ ಹೆಸರನ್ನು ನಂಬುವಂತಿಲ್ಲ. ಡೈಜೆಸ್ಟು ಮಾತ್ರ ಒಳಗಿನದು ಬದಲಾಗದೆ ತಾನು ಬದಲಾಗುವುದಿಲ್ಲ. ಎರಡೂ ಒಂದೇ ಆಗಿದ್ದರೆ ಸ್ಕ್ರಿಪ್ಟು ಮುಂದಕ್ಕೆ ಹೋಗುತ್ತದೆ, ಬೇರೆಯಾಗಿದ್ದರೆ ಸ್ಕೋಪಿಯೋ ಎಂಬ ಸಾಧನದಿಂದ ನಕಲು ಮಾಡುತ್ತದೆ. ಮೂಲದಲ್ಲಿ ಅಳಿಸಿಹೋದ ಟ್ಯಾಗನ್ನು ಅದು ನಮ್ಮಲ್ಲಿ ಅಳಿಸುವುದಿಲ್ಲ, ನಮ್ಮಲ್ಲಿ ಮಾಡಿದ ಬದಲಾವಣೆಯನ್ನು ಮೂಲಕ್ಕೆ ಒಯ್ಯುವುದೂ ಇಲ್ಲ.

ನನಗೆ ತೊಡಕೆನಿಸಿರುವುದು ಇಲ್ಲಿಯೇ. ‘ಸಿಂಕ್’ ಎಂದೇ ಬರೆದರೆ, ಫೋನಿನ ಸಂಪರ್ಕಪಟ್ಟಿಯಿಂದ ಆ ಪದವನ್ನು ಕಲಿತವರು ಇದನ್ನೂ ಎರಡೂ ಕಡೆಗೆ ಹರಿಯುವ ಕ್ರಿಯೆಯೆಂದು ತಿಳಿದು, ನಮ್ಮಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆಂದು ಹೆದರುತ್ತಾರೆ. ‘ಏಕಕಾಲಿಕಗೊಳಿಸು’ ಎಂಬುದು ಕೋಶದಲ್ಲಿ ಸರಿಯಾಗಿ ಕಾಣಬಹುದಾದರೂ, ರಾತ್ರಿ ಒಮ್ಮೆ ಓಡುವ ಸ್ಕ್ರಿಪ್ಟಿನಲ್ಲಿ ಏಕಕಾಲದಲ್ಲಿ ನಡೆಯುವಂಥದ್ದು ಏನೂ ಇಲ್ಲ. ‘ಸಮನ್ವಯ’ವು ಇಲಾಖೆಗಳ ನಡುವಿನ ಹೊಂದಾಣಿಕೆಗೆ ಸಲ್ಲುವ ಮಾತು.

ನನ್ನ ಒಲವು ‘ತಾಳೆ’ಯ ಕಡೆಗಿದೆ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಕಿರ್ದಿಗೂ ಖತಾವಣಿಗೂ ತಾಳೆಯಾಗಬೇಕು ಎನ್ನುವಾಗ, ಎರಡು ಕಡೆ ಬರೆದಿಟ್ಟದ್ದು ಒಂದಕ್ಕೊಂದು ಕೂಡಿಬರಬೇಕೆಂಬ ಅರ್ಥವೇ ಇದೆ. ಡೈಜೆಸ್ಟುಗಳನ್ನು ಹೋಲಿಸುವುದಕ್ಕೆ ಇದಕ್ಕಿಂತ ಒಪ್ಪುವ ಮಾತು ನನಗೆ ಹೊಳೆದಿಲ್ಲ. ಹೋಲಿಕೆಗೆಂದೇ ಒಂದು ಪದ ಬೇಕೆನ್ನುವುದಕ್ಕೆ ಕಾರಣವೂ ಇದೆ. ಇಂಟೆಲ್ ಮಾದರಿಯ ಯಂತ್ರಕ್ಕೂ ಆರ್ಮ್ ಯಂತ್ರಕ್ಕೂ ಬೇರೆ ಬೇರೆ ಇಮೇಜುಗಳಿದ್ದು, ಅವೆಲ್ಲವನ್ನೂ ಸೂಚಿಸುವ ಒಂದು ಪಟ್ಟಿಯು ಆ ಟ್ಯಾಗಿನಡಿ ಇರುವಾಗ, ‘ಎಲ್ಲವನ್ನೂ’ ಎಂಬ ಆಯ್ಕೆಯನ್ನು ಕೊಡದಿದ್ದರೆ ಸ್ಕೋಪಿಯೋ ತಾನು ಓಡುತ್ತಿರುವ ಯಂತ್ರಕ್ಕೆ ಹೊಂದುವ ಒಂದನ್ನು ಮಾತ್ರ ನಕಲಿಸುತ್ತದೆ. ಆಗ ಅಲ್ಲಿರುವುದು ಪಟ್ಟಿಯ ಡೈಜೆಸ್ಟು, ಇಲ್ಲಿರುವುದು ಒಂದೇ ಇಮೇಜಿನ ಡೈಜೆಸ್ಟು. ನಕಲು ಯಶಸ್ವಿಯಾಗಿದ್ದರೂ ತಾಳೆಯಾಗುವುದಿಲ್ಲ, ಹಾಗಾಗಿ ಸ್ಕ್ರಿಪ್ಟು ಪ್ರತಿ ರಾತ್ರಿಯೂ ಅದನ್ನೇ ಮತ್ತೆ ನಕಲಿಸಲು ಹೊರಡುತ್ತದೆ. ತಾಳೆ ಮತ್ತು ನಕಲು ಎಂಬ ಎರಡು ಪದಗಳು ಬೇರೆಯಾಗಿ ನಿಂತರೆ ಈ ದೋಷವನ್ನು ಕಲಿಯುವವರಿಗೆ ಒಂದೇ ವಾಕ್ಯದಲ್ಲಿ ಹೇಳಬಹುದು.

ಇಡೀ ಕ್ರಿಯೆಗೂ ‘ತಾಳೆ ಮಾಡು’ ಎನ್ನಬಹುದೇ ಎಂಬಲ್ಲಿ ನನಗೆ ನಿಮ್ಮ ನೆರವು ಬೇಕು. ‘ತಾಳೆ ನೋಡು’ ಎಂದರೆ ಹೋಲಿಸುವುದು ಮಾತ್ರ ಎಂಬುದು ಸ್ಪಷ್ಟ. ಆದರೆ ‘ತಾಳೆ ಮಾಡು’ ಎಂದಾಗ, ವ್ಯತ್ಯಾಸ ಕಂಡಲ್ಲಿ ಅದನ್ನು ಸರಿಪಡಿಸುವುದೂ ಸೇರುತ್ತದೆಂದು ನನ್ನ ಕಿವಿಗೆ ಅನ್ನಿಸುತ್ತದೆ. ಗದಗ, ಹಾವೇರಿ ಕಡೆಯವರೂ ಲೆಕ್ಕಪತ್ರದ ಕೆಲಸದಲ್ಲಿ ಪಳಗಿದ ಹಿರಿಯರೂ ಈ ಎರಡು ರೂಪಗಳ ನಡುವೆ ಇಂಥ ಅಂತರವನ್ನು ಕಾಣುತ್ತೀರಾ? ಕಾಣುವುದಾದರೆ ಅಧ್ಯಾಯಕ್ಕೆ ‘ಮೂಲದೊಂದಿಗೆ ತಾಳೆ ಮಾಡುವುದು’ ಎಂದು ಹೆಸರಿಡುತ್ತೇನೆ. ಇಲ್ಲವಾದರೆ ‘ಮೂಲಕ್ಕೆ ಸರಿಹೊಂದಿಸುವುದು’ ಎಂದು ಬರೆದು, ‘ತಾಳೆ’ಯನ್ನು ಡೈಜೆಸ್ಟಿಗೆ ಮಾತ್ರ ಮೀಸಲಿಡುತ್ತೇನೆ.