ಮನೆ ವರ್ಕ್‌ಶಾಪಿಗೆ ಕಟ್ಟಿಗೆ ಕುದುರೆ: ಯಾವ ಮರ, ಎಷ್ಟು ಎತ್ತರ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ)

ಮನೆ ಹಿಂದಿನ ಶೆಡ್ಡಿನಲ್ಲಿ ಸಣ್ಣ ವರ್ಕ್‌ಶಾಪ್ ಮಾಡಿಕೊಂಡಿದ್ದೇನೆ. 8x4 ಅಡಿ ಪ್ಲೈವುಡ್ ಕೊಯ್ಯುವಾಗ ಕೆಳಗೆ ಎರಡು ಸ್ಟೂಲ್ ಇಡುತ್ತೇನೆ. ಗರಗಸದ ಮಶೀನು ಅರ್ಧ ದಾಟುತ್ತಿದ್ದಂತೆ ಹಾಳೆ ನಡುವೆ ಜಗ್ಗಿ ಬ್ಲೇಡು ಸಿಕ್ಕಿಕೊಳ್ಳುತ್ತದೆ, ಮಶೀನು ಹಿಂದಕ್ಕೆ ಒದೆಯುತ್ತದೆ. ಭಯವಾಗಿ ಕೆಲಸ ನಿಲ್ಲಿಸಿದ್ದೇನೆ. ಒಂದು ಜೋಡಿ ಕಟ್ಟಿಗೆ ಕುದುರೆ (ಮೇಲೆ ಹಲಗೆ ಇಟ್ಟು ಕೊಯ್ಯುವ ನಾಲ್ಕು ಕಾಲಿನ ಸ್ಟ್ಯಾಂಡು) ಮಾಡಬೇಕು. ಉದ್ಯಮಬಾಗದಲ್ಲಿ ಮಶೀನು ಬಂದ ಪೆಟ್ಟಿಗೆಗಳ ಪೈನ್ ಸಿಗುತ್ತದೆ. ಊರಲ್ಲಿ ಹೊಲದ ಬದುವಿನ ಜಾಲಿ ಕಡಿಸಿದ್ದು ಬಿದ್ದಿದೆ. ಯಾವುದನ್ನು ಬಳಸಲಿ? ಎತ್ತರ ಎಷ್ಟಿರಬೇಕು? ಕೋನ ಕೊಯ್ಯುವ ದೊಡ್ಡ ಮಶೀನು ನನ್ನಲ್ಲಿಲ್ಲ, ಕೈಗರಗಸ, ಗುಣ್ಯಾ (ಮೂಲೆಮಟ್ಟ), ಡ್ರಿಲ್ ಇವೆ.

ಉತ್ತರ (ಜಮಖಂಡಿ)

ನಮಸ್ಕಾರ್ರಿ. ನಾ ಬಡಿಗತನ ಮಾಡಾಂವ, ಬಾಗಿಲಾ ಚೌಕಟ್ಟು ನಮ್ಮ ದಂಧೆ. ದಿನಾ ಕುದುರಿ ಮ್ಯಾಲೇ ಕೆಲಸ.

ಕಟಗಿ ಪೈನೇ ಇರ್ಲಿ. ಜಾಲಿ ಬಂಡಿ ಗಾಲಿಗೆ, ಕುಂಟಿಗೆ ಭಾಳ ಚಲೋ, ಆದ್ರ ಪೈನಿಗಿಂತ ಒಂದೂವರಿ ಪಟ್ಟು ತೂಕ. ಶೆಡ್ಡಿನಾಗ ಅತ್ತಿತ್ತ ಎತ್ತಿಡೂ ಸಾಮಾನಿಗೆ ಅದು ಬ್ಯಾಡ. ಹಸೀದು ಕೊಯ್ದು ಮಾಡಿದ್ರ ಒಣಗೂ ಮುಂದ ತಿರುಚತೈತಿ, ಹೊರಗಿನ ಬಿಳೀ ಭಾಗಕ್ಕ ಹುಳ ಬೀಳತೈತಿ. ಹಿರ್ಯಾರು ಅದನ್ನ ತಿಂಗಳಗಟ್ಟಲೆ ನೀರಾಗ ಮುಳುಗಿಸಿಟ್ಟು ಆಮ್ಯಾಲ ಬಳಸತಿದ್ರು, ಸುಮ್ಮನ ಅಲ್ಲ.

ಎತ್ತರಕ್ಕ ನಿಮ್ಮ ಮೈನ ಅಳತಿ. ಚಪ್ಪಲ್ ಹಾಕ್ಕೊಂಡು ನೆಟ್ಟಗ ನಿಂತು, ಕೈ ಇಳಿಬಿಟ್ಟು ಮುಷ್ಟಿ ಕಟ್ರಿ. ನೆಲದಿಂದ ಗೆಣ್ಣಿನ ತನಕ ಎಷ್ಟು ಬರ್ತೈತಿ ಅಷ್ಟ. ಸಾಧಾರಣ ಆಳಿಗೆ 28 ಇಂಚು ಆಸುಪಾಸು. ಕೈಗರಗಸದ್ದೇ ಕೆಲಸ ಹೆಚ್ಚಿದ್ರ 20 ಇಂಚಿಂದು ಬ್ಯಾರೆ ಮಾಡ್ರಿ, ಮೊಣಕಾಲು ಊರಿ ಕಟಗಿ ಒತ್ತಿ ಹಿಡೀಲಿಕ್ಕ ಬರ್ತೈತಿ.

ಈಗ ಕಾಲು. ಇದನ್ನ ಸಮಾಧಾನದಿಂದ ಓದ್ರಿ, ಯಾಕಂದ್ರ ಮಂದಿ ಇಲ್ಲೇ ಅವಸರ ಮಾಡ್ತಾರ. ಕಾಲಿನ ಓರಿ, ಅಂದ್ರ ವಾಲು, ಅಡ್ಡಕ್ಕ ಮಾತ್ರ ಕೊಡ್ರಿ, ಉದ್ದಕ್ಕ ಬ್ಯಾಡ. ಎರಡೂ ಕಡೆ ಓರಿ ಬಂದ್ರ ಜೋಡ ಕೂಡಸೂದು ಕಠಿಣ. ಒಂದು ಪ್ಲೈ ತುಂಡಿನ ಮ್ಯಾಲ ಗುಣ್ಯಾ ಹಿಡದು 8 ಇಂಚು ಮ್ಯಾಲಕ್ಕ, 2 ಇಂಚು ಬಾಜೂಕ ಗುರ್ತು ಹಾಕಿ ಕೂಡಿಸಿ ಕೊಯ್ರಿ. ಅದು 14 ಡಿಗ್ರಿ. ನಾಲ್ಕೂ ಕಾಲಿಗೆ ಅದೇ ಮಾಟ, ಅಂದ್ರ ಅಳತಿ ಅಚ್ಚು.

ಕಾಲು 2 ಇಂಚು ದಪ್ಪ, 3 ಇಂಚು ಅಗಲ, ಉದ್ದ 30 ಇಂಚು ಇರ್ಲಿ. ತಲಿಮರ (ಕಾಲಿನ ಮ್ಯಾಲ ಕೂಡೂ ತೊಲಿ) 3x3 ಇಂಚು, 3 ಅಡಿ ಉದ್ದ. ಕಾಲನ್ನ ತಲಿಮರದ ಬಾಜೂಕ ಬರೇ ಒತ್ತಿ ಸ್ಕ್ರೂ ಹೊಡೀಬ್ಯಾಡ್ರಿ. ಕಾಲಿನ ಮ್ಯಾಲಿನ ತುದೀಗೆ ಒಳಮೈ ಕಡೆ ಕಚ್ಚು ತಗೀರಿ: ಕೆಳಗ ಅರ್ಧ ಇಂಚಿನ ಮೆಟ್ಟು, ಅಲ್ಲಿಂದ ಮಾಟದ ಗೆರಿ ಹಿಡದು ಮ್ಯಾಲಕ್ಕ. ಕಾಲು ಓರಿ ನಿಂತಾಗ ಆ ಮೆಟ್ಟು ಮಟ್ಟಸ ಬರಬೇಕು, ಮ್ಯಾಲಿನ ಮೈ ತಲಿಮರಕ್ಕ ಬಿಗಿ ಕೂಡಬೇಕು. ಉಳಿಯಿಂದ ಹದಾ ಮಾಡಿ, ಬೆಳಕಿಗೆ ಹಿಡದು ನೋಡ್ರಿ, ಸಂದಿ ಕಾಣಬಾರದು. ಭಾರ ಆ ಮೆಟ್ಟಿನ ಮ್ಯಾಲ ಕೂಡತೈತಿ, ಕಟಗಿ ಕಟಗಿ ಮ್ಯಾಲ. ಸ್ಕ್ರೂ ಕೆಲಸ ಜೋಡ ಬಿಚ್ಚದಂಗ ಹಿಡಿಯೂದಷ್ಟ. ಭಾರ ಎಲ್ಲಾ ಸ್ಕ್ರೂ ಹೊತ್ರ ತೂತು ಅಗಲಾಗಿ ಕುದುರಿ ಅಳ್ಳಾಡಲಿಕ್ಕ ಹತ್ತತೈತಿ. ಪ್ರತಿ ಕಾಲಿಗೆ ಎರಡೂವರಿ ಇಂಚಿನ ಎರಡು ಸ್ಕ್ರೂ, ಮೊದಲ ಡ್ರಿಲ್ ಹಾಕಿ. ತಲಿಮರದ ಕೆಳಗ ಎರಡು ಕಾಲಿಗೂ ಕೂಡಿ 12 ಎಮ್ಮೆಮ್ ಪ್ಲೈ ತುಂಡು ಹೊಡೀರಿ, ಉದ್ದಕ್ಕ ನೆಲದಿಂದ 8 ಇಂಚಿಗೆ ಒಂದು ಪಟ್ಟಿ.

ಕಾಲಿನ ಕೆಳಗಿನ ತುದಿ ಕಡೀಕ ಕೊಯ್ರಿ. ಸಪಾಟ ಫರಸಿ ಮ್ಯಾಲ ನಿಂದ್ರಿಸಿ, ತಲಿಮರ ನಾಲ್ಕೂ ಕಡೆ ನೆಲದಿಂದ ಒಂದೇ ಎತ್ತರ ಬರೂಹಂಗ ಬೆಣಿ ಕೊಟ್ಟು, ಸಣ್ಣ ಕಟಗಿ ತುಂಡಿನ ಮ್ಯಾಲ ಪೆನ್ಸಿಲ್ ಇಟ್ಟು ಕಾಲಿನ ಸುತ್ತ ಗೆರಿ ಎಳೀರಿ.

ಒದೆಯೂದಕ್ಕ ಬರೇ ಕುದುರಿ ಸಾಲಂಗಿಲ್ಲ. ಎರಡೂ ಕುದುರಿ ಮ್ಯಾಲ ನಾಲ್ಕು ಉದ್ದ ರೀಪು ಹಾಸಿ ಅದರ ಮ್ಯಾಲ ಹಾಳಿ ಇಡ್ರಿ. ಕೊಯ್ಯೂ ಗೆರಿಯ ಆಚೆ ಈಚೆ ಎರಡೆರಡು ರೀಪು. ತುಂಡಾದ ಮ್ಯಾಲೂ ಎರಡೂ ಭಾಗ ಅಲ್ಲೇ ಮಲಗಿರ್ತಾವ, ಬ್ಲೇಡು ಸಿಗಂಗಿಲ್ಲ. ಬ್ಲೇಡು ಹಾಳಿಗಿಂತ 6 ಎಮ್ಮೆಮ್ ಅಷ್ಟ ಕೆಳಗ ಇಳೀಲಿ. ಹಾಳಿಯ ಚಂದ ಕಾಣೂ ಮೈ ಕೆಳಗ ಮಾಡ್ರಿ, ಸಿಬರು ಮ್ಯಾಲಿನ ಮೈಗೆ ಏಳತಾವ.

ಉತ್ತರ (ಉದ್ಯಮಬಾಗ, ಬೆಳಗಾವಿ)

ಪೆಟ್ಟಿಗೆ ಕಟ್ಟಿಗೆ ಕೊಳ್ಳುವಾಗ ಮುದ್ರೆ ನೋಡಿ. ಪರದೇಶದಿಂದ ಬಂದದ್ದರ ಮೇಲೆ ಗೋಧಿ ತೆನೆಯ ಗುರುತು ಇರುತ್ತದೆ, ಪಕ್ಕದಲ್ಲಿ ಎಚ್‌ಟಿ ಅಥವಾ ಎಂಬಿ. ಎಚ್‌ಟಿ ಎಂದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ಇರುವಂತೆ ಕಾಯಿಸಿದ್ದು. ಎಂಬಿ ಅಂದರೆ ಮಿಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅದನ್ನು ಬಿಟ್ಟುಬಿಡಿ. ಮುರಿದ ಮೊಳೆ ಒಳಗೆ ಉಳಿದಿರುತ್ತವೆ, ರಂದಾ ಹಾಕುವ ಮುಂಚೆ ಆಯಸ್ಕಾಂತ ಆಡಿಸಿ.

ನಮ್ಮೂರ ಮಳೆಗಾಲಕ್ಕೆ ಇನ್ನೊಂದು: ಕಾಲಿನ ಕೊಯ್ದ ತುದಿ ನೀರು ಹೀರುತ್ತದೆ. ತುದಿಗೆ ಎಪಾಕ್ಸಿ ಬಳಿಯಿರಿ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ತಲೆಮರಕ್ಕೆ ಗರಗಸ ತಾಗಿ ಗಾಯವಾದರೆ ಇಡೀ ಮರವನ್ನೇ ಬದಲಿಸಬೇಕಾ?

ಉತ್ತರ (ಜಮಖಂಡಿ)

ಬ್ಯಾಡ್ರಿ. ತಲಿಮರದ ಮ್ಯಾಲ ಒಂದು ಇಂಚಿನ ಪೈನ್ ಪಟ್ಟಿ ಕೂಡಸ್ರಿ, ಬರೇ ಎರಡು ತುದೀಗೆ ಫೆವಿಕಾಲ್ ಚುಕ್ಕಿ. ಸ್ಕ್ರೂ, ಮೊಳಿ ಯಾವುದೂ ಬ್ಯಾಡ, ಬ್ಲೇಡಿಗೆ ಕಬ್ಬಿಣ ತಾಗಬಾರದು. ಪಟ್ಟಿ ಸವದ ಮ್ಯಾಲ ಉಳಿಯಿಂದ ಎಬ್ಬಿಸಿ ಹೊಸಾದು ಹಾಕ್ರಿ. ಎತ್ತರ ಲೆಕ್ಕ ಹಾಕೂ ಮುಂದ ಆ ಒಂದು ಇಂಚು ಕಳೀರಿ.